ಹೊಂಡದ ಕೊರವ ಹಿಡಿಯಲು ರಬ್ಬರ್ ಮೀನಿನ ಗಾಳ

ಮಳೆಗಾಲದಲ್ಲಿ ಹೊಂಡಕ್ಕೆ ಬಿಟ್ಟ ಕಾಟ್ಲ, ರೋಹು, ಮೃಗಾಲ ಮರಿಗಳಲ್ಲಿ ಬೇಸಿಗೆಯ ವೇಳೆಗೆ ಅರ್ಧದಷ್ಟೂ ಉಳಿಯಲಿಲ್ಲವೆಂಬುದು ಅನೇಕ ರೈತರ ದೂರು. ಮರಿ ಸಾಯಲು ನೀರಿನ ದೋಷ, ಸಾಗಣೆಯ ಆಯಾಸ, ಆಹಾರದ ಕೊರತೆ ಮುಂತಾದ ಹಲವು ಕಾರಣಗಳಿರಬಹುದು. ಆದರೆ ಸತ್ತ ಮರಿ ತೇಲುವುದು ಕಾಣದೆ, ನೀರೂ ಕೆಡದೆ, ನೀರುಕಾಗೆ, ನೀರುನಾಯಿಗಳ ಕಾಟವೂ ಇಲ್ಲದೆ ಮರಿಗಳು ದಿನೇ ದಿನೇ ಕಡಿಮೆಯಾಗುತ್ತಿದ್ದರೆ ಹೊಂಡದಲ್ಲಿ ಭಕ್ಷಕ ಮೀನು ಸೇರಿಕೊಂಡಿದೆಯೆಂದು ಸಂಶಯಪಡಬೇಕು.

ಕೆರೆ, ಕಾಲುವೆ, ಗದ್ದೆ ಬಯಲಿನ ಪಕ್ಕದ ಹೊಂಡಗಳಲ್ಲಿ ಈ ಕಳ್ಳ ಸಾಮಾನ್ಯವಾಗಿ ಕೊರವ ಮೀನು. ಕೆಲವು ಕಡೆ ಇದಕ್ಕೆ ಕುಚ್ಚು, ಮುರ್ಲು ಎಂದೂ ಹೆಸರುಂಟು. ಹಾವಿನ ತಲೆಯಂಥ ಚಪ್ಪಟೆ ತಲೆ, ದುಂಡನೆಯ ಉದ್ದ ಮೈ, ಅಗಲವಾದ ಬಾಯಿ, ಚೂಪಾದ ಹಲ್ಲು ಇದರ ಗುರುತುಗಳು. ಕಿವಿರಿನ ಮೇಲ್ಭಾಗದಲ್ಲಿ ಗಾಳಿ ಹಿಡಿದಿಡುವ ಕೋಣೆಯಿರುವುದರಿಂದ ಇದು ಆಗಾಗ ನೀರಿನ ಮೇಲೆ ಬಂದು ಗಾಳಿ ನುಂಗಿ ಹೋಗುತ್ತದೆ. ಮಳೆ ಬಿದ್ದ ಹಸಿ ನೆಲದ ಮೇಲೆ ತೆವಳಿ ಒಂದು ನೀರಿನಿಂದ ಇನ್ನೊಂದಕ್ಕೆ ಸಾಗಬಲ್ಲದು. ಕೆರೆ ಬತ್ತಿದರೆ ಕೆಸರಿನಲ್ಲಿ ಹುದುಗಿ ಬದುಕಬಲ್ಲದು. ಮೀನು ಮರಿ, ಕಪ್ಪೆ, ಸೀಗಡಿ, ಹುಳು ಎಲ್ಲವೂ ಇದರ ಆಹಾರ.

ಇದರಿಂದಾಗುವ ನಷ್ಟವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಹೆಕ್ಟೇರಿಗೆ 5,000 ಮರಿಗಳ ಪ್ರಮಾಣದಲ್ಲಿ ಬಿತ್ತಿದರೆ ಹತ್ತು ಗುಂಟೆಯ ಹೊಂಡಕ್ಕೆ ಸುಮಾರು 500 ಮರಿ ಬೇಕು. ಆ ಹೊಂಡದಲ್ಲಿ ನಾಲ್ಕೇ ಕೊರವಗಳಿದ್ದು, ಒಂದೊಂದೂ ದಿನಕ್ಕೆ ಒಂದೇ ಮರಿ ತಿಂದಿತೆಂದುಕೊಂಡರೂ ಎರಡು ತಿಂಗಳಲ್ಲಿ 240 ಮರಿ ಹೋದಂತೆ. ಅಂದರೆ ಬಿತ್ತನೆಯ ಹೆಚ್ಚುಕಡಿಮೆ ಅರ್ಧಭಾಗ. ಆದ್ದರಿಂದ ನಾಲ್ಕು ಮೀನನ್ನು ಹೊರಗೆ ತೆಗೆಯುವ ಉಪಾಯ ತಿಳಿದಿರುವುದು ರೈತನಿಗೆ ಲಾಭವೇ.

ವಿಷ ಸಲ್ಲದು, ಬಲೆ ಸಾಲದು

ಮರಿ ಬಿಡುವ ಮೊದಲು ಹೊಂಡ ಒಣಗಿಸುವುದು ಅಥವಾ ಹಿಪ್ಪೆ ಹಿಂಡಿ ಹಾಕಿ ಬೇಡದ ಮೀನುಗಳನ್ನು ತೆಗೆಯುವುದು ಸರಿಯಾದ ಕ್ರಮ. ಆದರೆ ಮರಿ ಬಿಟ್ಟ ಮೇಲೆ ಈ ದಾರಿ ಮುಚ್ಚುತ್ತದೆ. ಹಿಪ್ಪೆ ಹಿಂಡಿಯಲ್ಲಿರುವ ಸಪೋನಿನ್ ಎಂಬ ವಸ್ತು ಕೊರವ ಯಾವುದು, ರೋಹು ಯಾವುದು ಎಂದು ನೋಡುವುದಿಲ್ಲ. ಹೊಲಕ್ಕೆ ಹೊಡೆಯುವ ಕೀಟನಾಶಕವನ್ನು ನೀರಿಗೆ ಸುರಿಯುವುದಂತೂ ಅಪರಾಧ. ಅದರಿಂದ ದನಕರುಗಳಿಗೂ ಮೀನು ತಿನ್ನುವವರಿಗೂ ಅಪಾಯ. ಸಿಡಿಮದ್ದು ಮತ್ತು ವಿಷದಿಂದ ಮೀನು ಹಿಡಿಯುವುದನ್ನು ನಮ್ಮ ದೇಶದಲ್ಲಿ 1897ರ ಮೀನುಗಾರಿಕೆ ಕಾಯಿದೆಯ ಕಾಲದಿಂದಲೂ ನಿಷೇಧಿಸಲಾಗಿದೆ.

ಇನ್ನು ಬಲೆಯ ಮಾತು. ಎಳೆಬಲೆಗೆ ಗೆಂಡೆ ಮೀನುಗಳು ಸುಲಭವಾಗಿ ಸಿಗುತ್ತವೆ. ಕೊರವ ಹಾಗಲ್ಲ. ಬಲೆಯ ಸದ್ದು ತಿಳಿದೊಡನೆ ಕೆಸರಿಗೆ ತಲೆ ತೂರಿಸುತ್ತದೆ, ಇಲ್ಲವೆ ಬಲೆಯ ಮೇಲೆ ಹಾರಿ ಹಿಂದಕ್ಕೆ ಹೋಗುತ್ತದೆ. ಪದೇ ಪದೇ ಬಲೆ ಎಳೆದರೆ ಮರಿಗಳಿಗೆ ಗಾಯವಾಗಿ ರೋಗ ತಗಲುತ್ತದೆ.

ಇಂಥ ಸಂದರ್ಭದಲ್ಲಿ ಉಳಿಯುವ ದಾರಿ ಗಾಳ. ಎರೆಹುಳು, ಹಿಟ್ಟಿನ ಉಂಡೆ ಕಟ್ಟಿದರೆ ಸಾಕಿದ ಮೀನೂ ಕಚ್ಚುತ್ತದೆ. ಜೀವಂತ ಕಪ್ಪೆಯನ್ನು ಗಾಳಕ್ಕೆ ಚುಚ್ಚುವುದು ನಮ್ಮ ಕಡೆಯ ಹಳೆಯ ಪದ್ಧತಿ. ಆದರೆ ಗದ್ದೆಯ ಕೀಟಗಳನ್ನು ತಿನ್ನುವ ಕಪ್ಪೆ ರೈತನ ಮಿತ್ರ. ಕಪ್ಪೆ ಕಾಲುಗಳ ರಫ್ತನ್ನು ಭಾರತ ಸರ್ಕಾರ 1987ರಲ್ಲಿ ನಿಲ್ಲಿಸಿದ್ದನ್ನು ಇಲ್ಲಿ ನೆನೆಯಬಹುದು. ಈ ಎರಡೂ ತೊಂದರೆಗಳಿಲ್ಲದ ಎರೆಯೆಂದರೆ ಈಗ ಗಾಳದ ಅಂಗಡಿಗಳಲ್ಲಿ ದೊರೆಯುವ ರಬ್ಬರ್ ಮೀನು.

ರಬ್ಬರ್ ಮೀನು ಎಂದರೇನು?

ರಬ್ಬರ್ ಎಂದು ಕರೆದರೂ ಇದು ರಬ್ಬರ್ ಅಲ್ಲ. ನೀರಿನ ಪೈಪುಗಳಿಗೆ ಬಳಸುವ ಪಿ.ವಿ.ಸಿ. ಪ್ಲಾಸ್ಟಿಕ್ಕಿಗೆ ಮೆದುಗೊಳಿಸುವ ಎಣ್ಣೆಯಂಥ ದ್ರವವನ್ನೂ ಬಣ್ಣವನ್ನೂ ಸೇರಿಸಿ, ಕಾಯಿಸಿ, ಅಚ್ಚಿಗೆ ಹೊಯ್ದು ಇದನ್ನು ಮಾಡುತ್ತಾರೆ. ಅಮೆರಿಕದ ಓಹಾಯೋ ರಾಜ್ಯದ ಆಕ್ರನ್ ಊರಿನ ನಿಕ್ ಕ್ರೀಮ್ ಎಂಬವರು 1949ರಲ್ಲಿ ಇಂಥ ಮೆದು ಪ್ಲಾಸ್ಟಿಕ್ಕಿನಿಂದ ಎರೆಹುಳುವಿನ ಆಕಾರದ ಎರೆ ತಯಾರಿಸಿದರು. ಮೀನಿನ ಆಕಾರದವು ಆಮೇಲೆ ಬಂದವು. ಆ ದೇಶದಲ್ಲಿ ಇವುಗಳನ್ನು ಮುಖ್ಯವಾಗಿ ಬಾಸ್ ಎಂಬ ಸಿಹಿನೀರಿನ ಮೀನು ಹಿಡಿಯಲು ಬಳಸುತ್ತಾರೆ. ಬಾಸ್ ಕೂಡ ಕೊರವದಂತೆ ಕಳೆಯ ಮರೆಯಲ್ಲಿ ಹೊಂಚು ಹಾಕಿ ಸಣ್ಣ ಮೀನನ್ನು ಹಿಡಿಯುವ ಜಾತಿ. ಆದ್ದರಿಂದ ಒಂದಕ್ಕೆ ಹೊಂದಿದ ಎರೆ ಇನ್ನೊಂದಕ್ಕೂ ಹೊಂದುತ್ತದೆ.

ಕೊರವದ ಹತ್ತಿರದ ಚೀನೀ ಜಾತಿಯೊಂದು 2002ರಲ್ಲಿ ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಕ್ರಾಫ್ಟನ್ ಊರಿನ ಹೊಂಡದಲ್ಲಿ ಪತ್ತೆಯಾದಾಗ ಇಡೀ ಹೊಂಡಕ್ಕೆ ವಿಷ ಹಾಕಿ ಅದನ್ನು ನಿರ್ಮೂಲ ಮಾಡಲಾಯಿತು. ಅದೇ ಜಾತಿ ಪೊಟೊಮ್ಯಾಕ್ ನದಿಯಲ್ಲಿ ಹರಡಿದಾಗ ವಿಷದ ಮಾತೇ ಬರಲಿಲ್ಲ. ಅಲ್ಲಿ ಗಾಳದವರಿಗೇ ಅದನ್ನು ಹಿಡಿದು ತಿನ್ನಿರೆಂದು ಉತ್ತೇಜನ ಕೊಡುತ್ತಾರೆ. ಉಳಿಸಬೇಕಾದ ಮೀನು ಇರುವ ನೀರಿನಲ್ಲಿ ಗಾಳವೇ ಮೇಲೆಂಬುದಕ್ಕೆ ಇದೊಂದು ನಿದರ್ಶನ.

ಇದು ಕೆಲಸ ಮಾಡುವ ಬಗೆ

ರಬ್ಬರ್ ಮೀನಿನ ಗುಟ್ಟು ಅದರ ಬಾಲದಲ್ಲಿದೆ. ಬಾಲದ ಬುಡ ಸಣಕಲು. ತುದಿ ಅಗಲವಾಗಿ, ಮೈಗೆ ಅಡ್ಡಲಾಗಿ, ಬೂಟಿನ ಅಟ್ಟೆಯಂತೆ ನಿಂತಿರುತ್ತದೆ. ದಾರ ಎಳೆದಾಗ ನೀರು ಆ ತಟ್ಟೆಯನ್ನು ತಳ್ಳುತ್ತದೆ. ಮೆದುವಾದ ಬುಡ ಬಾಗಿ ಮತ್ತೆ ನೆಟ್ಟಗಾಗುತ್ತದೆ. ಹೀಗೆ ಬಾಲ ಎಡಬಲಕ್ಕೆ ಬಡಿಯುತ್ತ ಹೋಗುತ್ತದೆ. ಮೀನಿನ ಮೈಯ ಎರಡು ಪಕ್ಕಗಳಲ್ಲಿರುವ ಗೆರೆ ನೀರಿನ ಅಲುಗಾಟವನ್ನು ತಿಳಿಯುವ ಅಂಗ. ಕದಡಿದ ನೀರಿನಲ್ಲಿ ಕಣ್ಣಿಗೆ ಕಾಣದಿದ್ದರೂ ಈ ಗೆರೆಯ ಮೂಲಕ ಕೊರವಕ್ಕೆ ಸಣ್ಣ ಮೀನು ಹಾದುಹೋದಂತೆ ತಿಳಿಯುತ್ತದೆ.

ರೋಹು, ಮೃಗಾಲಗಳು ಕೊಳೆತ ಸಸ್ಯ, ಪಾಚಿ, ತಳದ ಕಸ ತಿನ್ನುವವು. ಕಾಟ್ಲ ನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿಗಳನ್ನು ತಿನ್ನುವುದು. ಓಡುವ ಮೀನಿಗೆ ಇವು ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ. ಹೀಗೆ ಈ ಎರೆ ತಾನಾಗಿಯೇ ಭಕ್ಷಕ ಮೀನನ್ನು ಆರಿಸಿಕೊಳ್ಳುತ್ತದೆ. ರೈತನಿಗೆ ಇದರ ನಿಜವಾದ ಉಪಯೋಗ ಇದೇ.

ಬೇಕಾಗುವ ಸಲಕರಣೆ

ಎರೆ: ಏಳರಿಂದ ಹತ್ತು ಸೆಂಟಿಮೀಟರ್ ಉದ್ದದ ರಬ್ಬರ್ ಮೀನು ಸಾಕು. ಇದು ನಾವು ಬಿಡುವ ಬೆರಳುದ್ದದ ಮರಿಯ ಅಳತೆಯೇ ಆಗಿರುವುದು ಅನುಕೂಲ. ತಿಳಿನೀರಿಗೆ ಬೆಳ್ಳಿ, ತಿಳಿಹಸಿರು ಬಣ್ಣವೂ ಕದಡಿದ ನೀರಿಗೆ ಕಪ್ಪು ಅಥವಾ ಎದ್ದುಕಾಣುವ ಹಳದಿಯೂ ಹೊಂದುತ್ತವೆ. ಹತ್ತಾರು ಬಣ್ಣ ಕೊಳ್ಳುವ ಅಗತ್ಯವಿಲ್ಲ.

ಗಾಳ: ಕಣ್ಣಿನ ಹತ್ತಿರ ಮೆಟ್ಟಿಲಿನಂತೆ ಬಾಗಿ, ಹೊಟ್ಟೆ ಅಗಲವಾಗಿರುವ ಗಾಳ ಬೇಕು. ನಡುವೆ ಮೂರರಿಂದ ಏಳು ಗ್ರಾಂ ತೂಕ ಕಟ್ಟಿದವು ಸಿಗುತ್ತವೆ. ತೂಕ ಹೊಟ್ಟೆಯ ಕಡೆ ಇರುವುದರಿಂದ ಎರೆ ಮಗುಚದೆ ನೆಟ್ಟಗೆ ಈಜುತ್ತದೆ. ತಲೆಯಲ್ಲಿ ಸೀಸವಿರುವ ಗಾಳ ಕಳೆಯಿಲ್ಲದ ಆಳ ನೀರಿಗೆ ಮಾತ್ರ ಸರಿ.

ಕೋಲು ಮತ್ತು ದಾರ: ಆರೂವರೆಯಿಂದ ಏಳು ಅಡಿಯ ಗಟ್ಟಿ ಕೋಲು, ಸಾಧಾರಣ ರೀಲು, ಹತ್ತರಿಂದ ಹದಿನೈದು ಕಿಲೋ ಭಾರ ತಡೆಯುವ ಹೆಣೆದ ದಾರ ಇರಲಿ. ಕೊರವದ ಹಲ್ಲಿಗೆ ದಾರ ಸವೆಯದಂತೆ ತುದಿಯಲ್ಲಿ ಒಂದು ಅಡಿ ದಪ್ಪ ನೈಲಾನ್ ದಾರ ಕಟ್ಟಬೇಕು. ಕೋಲು, ರೀಲು ಇಲ್ಲದವರು ದಪ್ಪ ನೈಲಾನ್ ದಾರವನ್ನು ಖಾಲಿ ಡಬ್ಬಿಗೆ ಸುತ್ತಿ, ಎರೆಯನ್ನು ಬೀಸಿ ಎಸೆದು ಕೈಯಿಂದಲೇ ಎಳೆಯಬಹುದು. ಸಣ್ಣ ಹೊಂಡಕ್ಕೆ ಇಷ್ಟು ಸಾಕಾಗುತ್ತದೆ. ಹೆಣೆದ ದಾರವನ್ನು ಮಾತ್ರ ಬರಿಗೈಯಲ್ಲಿ ಎಳೆಯಬಾರದು, ಬೆರಳು ಕೊಯ್ಯುತ್ತದೆ.

ಎರೆ ಪೋಣಿಸುವ ಕ್ರಮ

ಎಷ್ಟೇ ಒಳ್ಳೆಯ ಎರೆಯಾದರೂ ಸೊಟ್ಟಗೆ ಪೋಣಿಸಿದರೆ ನೀರಿನಲ್ಲಿ ಬುಗುರಿಯಂತೆ ಸುತ್ತುತ್ತದೆ. ದಾರವೂ ಹುರಿಗೊಳ್ಳುತ್ತದೆ. ಆದ್ದರಿಂದ ಈ ಕ್ರಮವನ್ನು ಅನುಸರಿಸಬೇಕು.

1. ಗಾಳದ ಮೊನೆಯನ್ನು ರಬ್ಬರ್ ಮೀನಿನ ಮೂತಿಯ ನಡುಮಧ್ಯಕ್ಕೆ ಚುಚ್ಚಿ, ಅರ್ಧ ಸೆಂಟಿಮೀಟರ್ ಒಳಗೆ ಹೋದ ಮೇಲೆ ಗಂಟಲಿನ ಕಡೆ ಹೊರತೆಗೆಯಿರಿ.

2. ಗಾಳವನ್ನು ಪೂರ್ತಿ ಎಳೆದು, ಕಣ್ಣಿನ ಬಳಿಯ ಮೆಟ್ಟಿಲು ಮೂತಿಯೊಳಗೆ ಕುಳಿತುಕೊಳ್ಳುವಂತೆ ಮಾಡಿ.

3. ಮೊನೆ ಮೀನಿನ ಮೈಯತ್ತ ಬರುವಂತೆ ಗಾಳವನ್ನು ತಿರುಗಿಸಿ. ಗಾಳದ ಬಾಗು ಮೈಯ ಯಾವ ಜಾಗಕ್ಕೆ ಬರುತ್ತದೆಂದು ಪಕ್ಕಕ್ಕೆ ಹಿಡಿದು ಅಳೆದುಕೊಳ್ಳಿ.

4. ಅದೇ ಜಾಗದಲ್ಲಿ ಹೊಟ್ಟೆಯ ಕಡೆಯಿಂದ ಚುಚ್ಚಿ ಮೊನೆಯನ್ನು ಬೆನ್ನಿನಲ್ಲಿ ಹೊರತನ್ನಿ. ಮೊನೆ ಬೆನ್ನಿಗೆ ಒರಗಿ ಮಲಗಿರಬೇಕು. ತುದಿಯನ್ನು ಕೂದಲೆಳೆಯಷ್ಟು ಮಾಂಸದೊಳಗೆ ಮರೆಮಾಡಿದರೆ ಕಳೆಗೆ ಸಿಕ್ಕುವುದಿಲ್ಲ. ಮೀನು ಕಚ್ಚಿದಾಗ ಮೆದು ಮೈ ತಗ್ಗಿ ಮೊನೆ ಹೊರಬರುತ್ತದೆ.

5. ದಡದ ಹತ್ತಿರ ನೀರಿನಲ್ಲಿ ಎಳೆದು ನೋಡಿ. ಮೈ ನೆಟ್ಟಗಿದ್ದು ಬಾಲ ಮಾತ್ರ ಬಡಿಯುತ್ತಿದ್ದರೆ ಸರಿಯಾಗಿದೆ. ಮೈ ಮುದುಡಿದ್ದರೆ ಬಿಚ್ಚಿ ಮತ್ತೆ ಪೋಣಿಸಬೇಕು.

ಎಲ್ಲಿ, ಯಾವಾಗ, ಹೇಗೆ?

ಗಾಳ ಹಾಕುವ ಮೊದಲು ಒಂದು ಗಳಿಗೆ ಸುಮ್ಮನೆ ನೀರನ್ನು ನೋಡಬೇಕು. ಕೊರವ ಗಾಳಿ ನುಂಗಲು ಬಂದ ಜಾಗದಲ್ಲಿ ನೀರು ಕಲಕಿ ಉಂಗುರವೇಳುತ್ತದೆ. ಸಣ್ಣ ಮೀನುಗಳು ಒಮ್ಮೆಗೇ ಚದುರಿ ಹಾರಿದರೆ ಅಡಿಯಲ್ಲಿ ಬೇಟೆಗಾರನಿದ್ದಾನೆಂದು ತಿಳಿಯಬೇಕು. ನೀರು ಬಂದು ಬೀಳುವ ತೂಬಿನ ಬಾಯಿ, ಜೊಂಡಿನ ಅಂಚು, ಮರದ ನೆರಳು, ಒಡ್ಡಿನ ಮೂಲೆ ಇವು ಕೊರವದ ಮೆಚ್ಚಿನ ಠಾವುಗಳು. ಬೆಳಗಿನ ಮೊದಲ ಎರಡು ಗಂಟೆ ಮತ್ತು ಸಂಜೆಯ ಹೊತ್ತು ಸೂಕ್ತ. ಚಳಿಗಾಲದಲ್ಲಿ ಬಿಸಿಲೇರಿದ ಮೇಲೆ ಪ್ರಯತ್ನಿಸುವುದು ಮೇಲು.

ಎರೆಯನ್ನು ಮೀನಿನ ತಲೆಯ ಮೇಲೆಯೇ ಎಸೆಯಬಾರದು. ಅದರಾಚೆ ಎರಡು ಮೂರು ಅಡಿ ದೂರ ಎಸೆದು ಅದರ ಮುಂದೆ ಹಾದುಬರುವಂತೆ ಎಳೆಯಬೇಕು. ಹೊಸಬರು ಅವಸರದಿಂದ ಎಳೆಯುತ್ತಾರೆ. ಎರಡು ಸೆಕೆಂಡಿಗೆ ರೀಲಿನ ಹಿಡಿ ಒಂದು ಸುತ್ತು, ಅಂದರೆ ಸೆಕೆಂಡಿಗೆ ಸುಮಾರು ಒಂದು ಅಡಿಯ ವೇಗ ಸಾಕು. ಬಾಲ ಬಡಿಯುವಷ್ಟೇ ಎಳೆದರಾಯಿತು. ನಡುನಡುವೆ ಒಂದು ಕ್ಷಣ ನಿಲ್ಲಿಸಿದರೆ ಎರೆ ತುಸು ಇಳಿಯುತ್ತದೆ. ಹಿಂದೆ ಬರುತ್ತಿರುವ ಮೀನು ಆಗಲೇ ಹೊಡೆಯುವುದುಂಟು. ಹೊಡೆತ ತಿಳಿದಾಕ್ಷಣ ಬೆದರಿ ಕಿತ್ತುಕೊಳ್ಳದೆ, ದಾರದಲ್ಲಿ ಭಾರ ನಿಂತಿದೆಯೆಂದು ತಿಳಿದ ಮೇಲೆ ಕೋಲನ್ನು ಗಟ್ಟಿಯಾಗಿ ಎತ್ತಬೇಕು. ಸಿಕ್ಕಿದ ಮೀನನ್ನು ಕಳೆಯೊಳಗೆ ನುಗ್ಗಲು ಬಿಡದೆ ಬೇಗ ದಡಕ್ಕೆ ತರಬೇಕು.

ನೀರಿನ ಮೇಲೆ ತಾವರೆ, ಅಂತರಗಂಗೆ ದಟ್ಟವಾಗಿ ಹಬ್ಬಿದ್ದರೆ ರಬ್ಬರ್ ಮೀನು ನಡೆಯದು. ಅಲ್ಲಿಗೆ ಒಳಗೆ ಟೊಳ್ಳಾದ, ತೇಲುವ ರಬ್ಬರ್ ಕಪ್ಪೆ ಸೂಕ್ತ.

ಒಂದೇ ಹೊಂಡದಲ್ಲಿ ದಿನವಿಡೀ ಗಾಳ ಬೀಸಿದರೆ ಉಳಿದ ಮೀನು ಎಚ್ಚರಗೊಳ್ಳುತ್ತವೆ. ಎರಡು ದಿನ ಪ್ರಯತ್ನಿಸಿ ಎರಡು ದಿನ ಬಿಡುವುದು, ಎರೆಯ ಬಣ್ಣ ಬದಲಿಸುವುದು ಒಳ್ಳೆಯದು. ಗೇಣುದ್ದಕ್ಕಿಂತ ಸಣ್ಣ ಕೊರವಗಳು ಈ ಎರೆಗೆ ಸಿಗುವುದಿಲ್ಲ. ಅವಕ್ಕೆ ಬೀಸುಬಲೆ ಅಥವಾ ಬಿದಿರಿನ ಕೂಳಿಯೇ ಬೇಕು.

ಹಿಡಿದ ಮೀನಿನ ಆರೈಕೆ

ಕೊರವಕ್ಕೆ ಮಾರುಕಟ್ಟೆಯಲ್ಲಿ, ಅದರಲ್ಲೂ ಜೀವಂತ ಮೀನಿಗೆ, ಒಳ್ಳೆಯ ಬೆಲೆಯಿದೆ. ಗಾಳಿ ಉಸಿರಾಡುವ ಮೀನಾದ್ದರಿಂದ ತೇವದ ಗೋಣಿಚೀಲದಲ್ಲಿ, ನೆರಳಿನಲ್ಲಿ, ಗಂಟೆಗಟ್ಟಲೆ ಬದುಕಿರುತ್ತದೆ. ಆದರೆ ಬಾಯಿ ಕಟ್ಟಿದ ಬಲೆಚೀಲದಲ್ಲಿ ಪೂರ್ತಿ ನೀರೊಳಗೆ ಮುಳುಗಿಸಿಟ್ಟರೆ ಮೇಲೆ ಬಂದು ಗಾಳಿ ಪಡೆಯಲಾರದೆ ಸಾಯುತ್ತದೆ. ಆಫ್ರಿಕನ್ ಕ್ಯಾಟ್‌ಫಿಶ್ ಸಿಕ್ಕಿದರೆ ಅದನ್ನು ಯಾವ ಕಾರಣಕ್ಕೂ ಮರಳಿ ನೀರಿಗೆ ಬಿಡಬಾರದು. ಅದನ್ನು ಸಾಕುವುದು ನಮ್ಮ ದೇಶದಲ್ಲಿ ನಿಷಿದ್ಧ.

ಮೀನಿನ ಮೈಮೇಲೆ ಕೆಂಪು ಹುಣ್ಣುಗಳಿದ್ದರೆ ಎಚ್ಚರ ವಹಿಸಬೇಕು. 1988ರಲ್ಲಿ ಭಾರತಕ್ಕೆ ಕಾಲಿಟ್ಟ ಹುಣ್ಣು ರೋಗಕ್ಕೆ ಕೊರವ ಬೇಗ ತುತ್ತಾಗುತ್ತದೆ. ಅಂಥ ನೀರಿನಲ್ಲಿ ಬಳಸಿದ ಗಾಳ, ಬಲೆಗಳನ್ನು ತೊಳೆದು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸದೆ ಬೇರೆ ಹೊಂಡಕ್ಕೆ ಒಯ್ಯಬಾರದು.

ಮರಿ ಕಾಯುವ ಜೋಡಿ

ಕೊರವ ಹೆಚ್ಚಾಗಿ ಮಳೆಗಾಲದಲ್ಲಿ ಮರಿ ಮಾಡುತ್ತದೆ. ಕಳೆಯ ನಡುವೆ ಜಾಗ ತೆರವು ಮಾಡಿ ತೇಲುವ ಮೊಟ್ಟೆಗಳನ್ನಿಡುತ್ತದೆ. ಕೆಂಪು ಬಣ್ಣದ ಮರಿಗಳು ನೀರಿನ ಮೇಲೆ ಗುಂಪಾಗಿ ತಿರುಗುವಾಗ ತಂದೆತಾಯಿ ಮೀನು ಅಡಿಯಲ್ಲಿದ್ದು ಕಾಯುತ್ತವೆ. ಹತ್ತಿರ ಬಂದ ಏನನ್ನೇ ಆದರೂ ಅವು ಹೊಡೆಯುತ್ತವೆ. ಇದನ್ನು ತಿಳಿದ ಕೆಲವರು ಆ ಕೆಂಪು ಗುಂಪನ್ನೇ ಹುಡುಕಿ ಅದರ ಮೇಲೆ ಎರೆ ಎಳೆಯುತ್ತಾರೆ. ಮೀನು ಸುಲಭವಾಗಿ ಸಿಗುತ್ತದೆ, ನಿಜ. ಆದರೆ ಕಾವಲು ತಪ್ಪಿದ ನೂರಾರು ಮರಿಗಳು ಇತರ ಮೀನುಗಳ ಪಾಲಾಗುತ್ತವೆ.

ಇಲ್ಲಿ ಹೊಂಡಕ್ಕೂ ಕೆರೆಗೂ ಇರುವ ವ್ಯತ್ಯಾಸವನ್ನು ಗಮನಿಸಬೇಕು. ಗೆಂಡೆ ಸಾಕುವ ಹೊಂಡದಲ್ಲಿ ಕೊರವ ಕಳೆಯಿದ್ದಂತೆ, ತೆಗೆಯಲೇಬೇಕು. ಅಲ್ಲಿ ಮರಿಗುಂಪು ಕಂಡರೆ ಸೊಳ್ಳೆಪರದೆ ಬಟ್ಟೆಯ ಕೈಬಲೆಯಿಂದ ಗುಂಪನ್ನೇ ಮೊಗೆದು ಬೇರೆ ತೊಟ್ಟಿಯಲ್ಲಿ ಸಾಕಬಹುದು. ಆದರೆ ಊರ ಕೆರೆಯಲ್ಲಿ ಕೊರವ ಪರದೇಶಿಯಲ್ಲ. ಅಲ್ಲಿನ ನೀರಿನಲ್ಲೇ ಹುಟ್ಟಿ ಬೆಳೆದ, ಬಡವರ ಊಟಕ್ಕೂ ಸಂತೆಗೂ ಒದಗುವ ಮೀನು. ಆದ್ದರಿಂದ ಕೆರೆಯಲ್ಲಿ ಮರಿ ಕಾಯುವ ಜೋಡಿಗೆ ಗಾಳ ಹಾಕಬಾರದು. ತಪ್ಪಿ ಸಿಕ್ಕಿದರೆ ಒದ್ದೆ ಕೈಯಿಂದ ಗಾಳ ಬಿಡಿಸಿ ಅದೇ ಜಾಗದಲ್ಲಿ ಬಿಡಬೇಕು. ಕೆರೆಯಲ್ಲಿ ಗಾಳ ಹಾಕಲು ಗುತ್ತಿಗೆ ಪಡೆದ ಸಂಘದ ಅಥವಾ ಮೀನುಗಾರಿಕೆ ಇಲಾಖೆಯ ಅನುಮತಿಯೂ ಬೇಕು.

ಎಚ್ಚರಿಕೆಗಳು

2014ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯಿಂದೀಚೆಗೆ ಪಾಲಿಥೀನ್ ಹಾಳೆ ಹೊದಿಸಿದ ಕೃಷಿ ಹೊಂಡಗಳು ಹೆಚ್ಚಾಗಿವೆ. ಇಂಥ ಹೊಂಡದಲ್ಲಿ ಮೊನೆ ಹೊರಚಾಚಿದ ಗಾಳ, ಮೂರು ಮುಳ್ಳಿನ ಗಾಳ ಬಳಸಿದರೆ ಹಾಳೆ ಹರಿದು ನೀರು ಸೋರುತ್ತದೆ. ಮೊನೆ ಬೆನ್ನಿನಲ್ಲಿ ಮರೆಯಾಗಿರುವಂತೆ ಮೇಲೆ ಹೇಳಿದ ಕ್ರಮದಲ್ಲಿಯೇ ಪೋಣಿಸಿ, ಎರೆಯನ್ನು ತಳಕ್ಕೆ ತಾಗಿಸದೆ ಎಳೆಯಬೇಕು. ಹಾಳೆ ಪಾಚಿಗಟ್ಟಿ ಜಾರುವುದರಿಂದ ಒಬ್ಬರೇ ಅಂಚಿಗೆ ಇಳಿಯಬಾರದು. ಹಿಡಿದು ಹತ್ತಲು ಒಂದು ಹಗ್ಗ ಕಟ್ಟಿರಬೇಕು.

ಈಗಿನ ಗಾಳದ ಕೋಲುಗಳಲ್ಲಿ ಹಲವು ಇಂಗಾಲದ ನಾರಿನಿಂದ ಮಾಡಿದವು. ಇವುಗಳಲ್ಲಿ ವಿದ್ಯುತ್ ಹರಿಯುತ್ತದೆ. ಪಂಪ್‌ಸೆಟ್ಟಿನ ತಂತಿ ಮೇಲೆ ಹಾದುಹೋಗುವ ಕಡೆ, ಗುಡುಗು ಮಿಂಚಿನ ವೇಳೆಯಲ್ಲಿ ಕೋಲು ಬೀಸಬಾರದು. ಗಾಳದ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿದರೆ ಬಿಡಿಸುವುದು ಸುಲಭ. ಬೆರಳಿಗೆ ಆಳವಾಗಿ ಚುಚ್ಚಿದರೆ ಎಳೆದಾಡದೆ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಸೀಸ ಮುಟ್ಟಿದ ಕೈ ತೊಳೆಯದೆ ಊಟ ಮಾಡಬಾರದು.

ರಬ್ಬರ್ ಮೀನು ನೀರಿನಲ್ಲಿ ಕೊಳೆಯುವುದಿಲ್ಲ. ಹರಿದ ತುಂಡನ್ನು ನೀರಿಗೆಸೆದರೆ ಮೀನು ನುಂಗಿ ಅದರ ಹೊಟ್ಟೆಯಲ್ಲಿ ಸಿಕ್ಕಿಕೊಳ್ಳುತ್ತದೆ. ತುಂಡಾದ ದಾರ ಹಕ್ಕಿಗಳ ಕಾಲಿಗೆ ಸುತ್ತಿಕೊಳ್ಳುತ್ತದೆ. ಎರಡನ್ನೂ ಮನೆಗೆ ತರಬೇಕು. ಹರಿದ ಎರೆಯನ್ನು ಕಾದ ಚಾಕುವಿನ ಅಲಗಿನಿಂದ ಕರಗಿಸಿ ಅಂಟಿಸಿ ಮತ್ತೆ ಬಳಸಬಹುದು. ಈ ಕೆಲಸವನ್ನು ಬಯಲಿನಲ್ಲೇ ಮಾಡಬೇಕು, ಹೊಗೆ ಒಳ್ಳೆಯದಲ್ಲ. ಬೇರೆ ಬೇರೆ ಬಣ್ಣದ ಎರೆಗಳನ್ನು ಒಟ್ಟಿಗಿಟ್ಟರೆ ಬಣ್ಣ ಕಲೆಸುತ್ತದೆ. ಕೆಲವು ಪ್ಲಾಸ್ಟಿಕ್ ಡಬ್ಬಿಗಳನ್ನೇ ಇವು ಕರಗಿಸುತ್ತವೆ. ಬಂದ ಚೀಲದಲ್ಲೇ, ಬಿಸಿಲು ತಾಗದಂತೆ ಇಡಬೇಕು.

ಮುಂದಿನ ಬೆಳೆಗೆ ತಯಾರಿ

ಗಾಳ ಈ ವರ್ಷದ ಮರಿಗಳನ್ನು ಉಳಿಸುವ ಉಪಾಯ ಮಾತ್ರ. ಕೊರವ ಬಾರದಂತೆ ನೋಡಿಕೊಳ್ಳುವುದೇ ಶಾಶ್ವತ ಪರಿಹಾರ. ಬೇಸಿಗೆಯಲ್ಲಿ ಹೊಂಡವನ್ನು ತಳ ಬಿರುಕು ಬಿಡುವವರೆಗೆ ಒಣಗಿಸಬೇಕು. ಒಣಗಿಸಲಾಗದಿದ್ದರೆ ಮರಿ ಬಿಡುವ ಮೂರು ವಾರ ಮೊದಲು ಹೆಕ್ಟೇರಿಗೆ ಒಂದು ಮೀಟರ್ ಆಳದ ನೀರಿಗೆ 2,500 ಕಿಲೋದಂತೆ ಹಿಪ್ಪೆ ಹಿಂಡಿ ಹಾಕಬೇಕು. ಹತ್ತು ಗುಂಟೆಯ ಹೊಂಡದಲ್ಲಿ ಒಂದು ಮೀಟರ್ ನೀರಿದ್ದರೆ ಸುಮಾರು 250 ಕಿಲೋ ಆಗುತ್ತದೆ. ಇದು ಆಮೇಲೆ ಗೊಬ್ಬರವಾಗಿಯೂ ಒದಗುತ್ತದೆ. ನಾಲ್ಕು ಮರಿಗಳನ್ನು ಬುಟ್ಟಿಯಲ್ಲಿಟ್ಟು ಒಂದು ದಿನ ನೋಡಿ, ಅವು ಬದುಕಿದ್ದರೆ ಮಾತ್ರ ಬಿತ್ತನೆ ಮಾಡಬೇಕು. ನೀರು ಒಳಬರುವ ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಕಟ್ಟಬೇಕು. ದಂಡೆಯ ಸುತ್ತ ಒಂದೂವರೆ ಅಡಿ ಎತ್ತರದ ಬಲೆಬೇಲಿ ಹಾಕಿದರೆ ತೆವಳಿ ಬರುವ ಕೊರವ ತಡೆಯುತ್ತದೆ. ಮರಿಗಳನ್ನು ನಂಬಿಕೆಯ ಮರಿ ಉತ್ಪಾದನಾ ಕೇಂದ್ರದಿಂದಲೇ ತರಬೇಕು. ಹಳ್ಳದಿಂದ ಹಿಡಿದ ಮರಿಗಳ ಜೊತೆ ಕೊರವದ ಮರಿಯೂ ಬರುತ್ತದೆ.

ಇಷ್ಟೆಲ್ಲ ಮಾಡಿದರೂ ಒಂದು ಜೋರು ಮಳೆಯ ರಾತ್ರಿ ಒಂದೆರಡು ಕೊರವ ಒಳಗೆ ಬರಬಹುದು. ಆಗ ವಿಷದ ಡಬ್ಬಿಗೆ ಕೈ ಹಾಕದೆ, ಒಂದು ಗಾಳ ಮತ್ತು ಒಂದು ರಬ್ಬರ್ ಮೀನಿನಿಂದ ಕೆಲಸ ಸಾಧಿಸಿದರೆ ಮರಿಯೂ ಉಳಿಯುತ್ತದೆ, ನೀರೂ ಉಳಿಯುತ್ತದೆ, ಮನೆಗೆ ಒಂದು ಹೊತ್ತಿನ ಸಾರೂ ಆಗುತ್ತದೆ. ಹೆಚ್ಚಿನ ವಿವರಗಳಿಗೆ ರೈತ ಬಾಂಧವರು ತಮ್ಮ ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಯನ್ನಾಗಲಿ, ಹತ್ತಿರದ ಕೃಷಿ ವಿಜ್ಞಾನ ಕೇಂದ್ರವನ್ನಾಗಲಿ ಸಂಪರ್ಕಿಸಬಹುದು.